ಸತ್ಯಾಂಶ: ದ್ವೀಪದ ಗಾಳಿಗೆ ಕ್ಷಯ ವಾಸಿಯಾಗುತ್ತಾ?

"ಲೇಖಕ ರಾಬರ್ಟ್ ಲೂಯಿ ಸ್ಟೀವನ್ಸನ್‌ಗೆ ಕ್ಷಯ ಇತ್ತು. ಸಮೋವಾ ದ್ವೀಪದ ಗಾಳಿಗೇ ವಾಸಿಯಾಯ್ತು, ಮಾತ್ರೆ ಬೇಕಿಲ್ಲ" ಅನ್ನುವ ಫಾರ್ವರ್ಡ್ ನಿಮಗೂ ಬಂದಿರಬಹುದು. ದಯವಿಟ್ಟು ನಂಬಬೇಡಿ.

1890ರಲ್ಲಿ ಅವರು ಸಮೋವಾದಲ್ಲಿ ನೆಲೆಸಿದ್ದು ನಿಜ. ಆರೋಗ್ಯ ಸುಧಾರಿಸಿದ್ದೂ ನಿಜ. ಕುದುರೆ ಏರಿ ಓಡಾಡಿದರು, ಕಾಡು ಸವರಿ ತೋಟ ಮಾಡಿದರು. ಆದರೆ ಅವರಿಗಿದ್ದದ್ದು ಕ್ಷಯವೇ ಎಂದು ಖಚಿತವಾಗಿಲ್ಲ. ಶ್ವಾಸಕೋಶದ ಬೇರೆ ಕಾಯಿಲೆ ಇದ್ದಿರಬಹುದು ಎನ್ನುವ ವೈದ್ಯರೂ ಇದ್ದಾರೆ.

ಹಿತವಾದ ಹವೆ ಅವರಿಗೆ ಮೊದಲೇ ಸಿಕ್ಕಿತ್ತಲ್ವಾ? ದಕ್ಷಿಣ ಫ್ರಾನ್ಸಿನ ಬೆಚ್ಚಗಿನ ಕರಾವಳಿಯಲ್ಲಿದ್ದಾಗಲೇ, 1884ರಲ್ಲಿ, ಬಾಯಿಂದ ರಕ್ತ ಬಂತು. ಮಾತಾಡಲು ಆಗದೆ, ಹೆದರಬೇಡ ಎಂದು ಹೆಂಡತಿಗೆ ಚೀಟಿ ಬರೆದು ಕೊಟ್ಟರು. ಸಮೋವಾದಲ್ಲಿ ಬದುಕಿದ್ದೂ ನಾಲ್ಕೇ ವರ್ಷ. 1894ರ ಡಿಸೆಂಬರ್ 3ರಂದು, 44ನೇ ವಯಸ್ಸಿಗೆ ತೀರಿಕೊಂಡರು. ಮೆದುಳಿನಲ್ಲಿ ರಕ್ತಸ್ರಾವವಾಗಿತ್ತು ಎನ್ನುತ್ತಾರೆ.

ಕ್ಷಯ ಬರುವುದು ಬ್ಯಾಕ್ಟೀರಿಯಾದಿಂದ. ಜರ್ಮನಿಯ ವೈದ್ಯ ರಾಬರ್ಟ್ ಕಾಖ್ ಅದನ್ನು 1882ರಲ್ಲೇ ತೋರಿಸಿದ್ದರು. ಒಳ್ಳೆ ಊಟ, ವಿಶ್ರಾಂತಿಯಿಂದ ಮೈಗೆ ಬಲ ಬರುತ್ತದೆ, ಆದರೆ ಬರೀ ಗಾಳಿಗೆ ಆ ಬ್ಯಾಕ್ಟೀರಿಯಾ ಸಾಯಲ್ಲ. ಸ್ಟೀವನ್ಸನ್ ಕಾಲದಲ್ಲಿ ಔಷಧಿಯೇ ಇರಲಿಲ್ಲ, ಅದಕ್ಕೇ ಜನ ಹವೆ ಹುಡುಕಿಕೊಂಡು ಹೋಗುತ್ತಿದ್ದರು. ಈಗ ಸಾಮಾನ್ಯ ಕ್ಷಯಕ್ಕೆ ಸುಮಾರು 6 ತಿಂಗಳ ಮಾತ್ರೆ ಸಾಕು, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಎರಡು ವಾರ ಕೆಮ್ಮು ನಿಲ್ಲದಿದ್ದರೆ ಕಫ ಪರೀಕ್ಷೆ ಮಾಡಿಸಿ. ಹುಷಾರಾಯಿತೆಂದು ಮಾತ್ರೆಯನ್ನು ಮಧ್ಯದಲ್ಲಿ ಬಿಡಬೇಡಿ.