ಇಲಿಯ ಮೆದುಳು, ಭಾವನ ಕಾಲು

ಮತ್ತೆ ಬಂತು. ಬೆಳಗ್ಗೆ ಆರಕ್ಕೇ ಫ್ಯಾಮಿಲಿ ಗ್ರೂಪಿನಲ್ಲಿ, ಸೂರ್ಯೋದಯದ ಫೋಟೊ ಕೆಳಗೆ. ಶುಗರ್ ಇದ್ದವರ ಮೆದುಳು, ನರ ಎರಡನ್ನೂ ಕಾಪಾಡುವ ಎಲೆ, ವಿಜ್ಞಾನಿಗಳೇ ಬೆರಗಾದರು! ಪಾಪ, ವಾರಕ್ಕೆರಡು ಸಲ ಬೆರಗಾಗುತ್ತಾರೆ. ಹೋದ ವಾರ ಅಮೃತಬಳ್ಳಿ, ಈ ವಾರ ಒಂದೆಲಗ. ಒಂದೆಲಗದ ಮೇಲೆ ನನಗೇನೂ ಸಿಟ್ಟಿಲ್ಲ. ತಂಬುಳಿ ಮಾಡಿದ ದಿನ ಮೂರು ಸಲ ಅನ್ನ ಹಾಕಿಸಿಕೊಳ್ಳುತ್ತೇನೆ.

ಯಾರ ಮೆದುಳು ಅಂತ ಮಾತ್ರ ಯಾರೂ ಕೇಳುವುದಿಲ್ಲ. ಇಲಿಯದ್ದು ಸ್ವಾಮಿ. ಸ್ಟ್ರೆಪ್ಟೊಜೊಟೊಸಿನ್ ಅಂತ ಒಂದು ಇಂಜೆಕ್ಷನ್ ಕೊಟ್ಟರೆ ಇನ್ಸುಲಿನ್ ಮಾಡುವ ಬೀಟಾ ಕೋಶಗಳು ಸತ್ತು ಎರಡು ಮೂರು ದಿನದಲ್ಲಿ ಇಲಿಗೆ ಶುಗರ್ ಬರುತ್ತದೆ, ನಮ್ಮ ಹಾಗೆ ಇಪ್ಪತ್ತು ವರ್ಷ ಮದುವೆ ಮನೆ ಊಟ ಮಾಡಿ ಸಂಪಾದಿಸಬೇಕಾಗಿಲ್ಲ. ಆಮೇಲೆ ಎಲೆಯ ಸಾರ ಕುಡಿಸಿ ನೀರಿನ ತೊಟ್ಟಿಗೆ ಬಿಡುತ್ತಾರೆ. ನೀರಿನಡಿ ಕಾಣದ ಹಾಗೆ ಒಂದು ಕಟ್ಟೆ ಇಟ್ಟಿರುತ್ತಾರೆ, ಅದು ಎಲ್ಲಿತ್ತು ಅಂತ ನೆನಪಿಟ್ಟುಕೊಂಡು ಈಜಬೇಕು. ನಮ್ಮ ಭಾವನನ್ನು ಬಿಟ್ಟಿದ್ದರೆ ಇವತ್ತಿಗೂ ಈಜುತ್ತಿರುತ್ತಿದ್ದರು, ಹಣೆ ಮೇಲಿನ ಕನ್ನಡಕವೇ ಸಿಗುವುದಿಲ್ಲ ಅವರಿಗೆ. ಪಾಸಾದ ಇಲಿಗೆ ಬಹುಮಾನ ಏನು ಗೊತ್ತಾ? ಕೊಂದು ಮೆದುಳು ಹೊರಗೆ ತೆಗೆದು, ರಕ್ಷಣೆಯಾಗಿದೆ ಅಂತ ಬರೆಯುತ್ತಾರೆ. ಮನುಷ್ಯರ ಮೇಲೆ ಇನ್ನೂ ಪರೀಕ್ಷೆ ಆಗಬೇಕು ಅಂತಲೂ ಕೊನೆಗೆ ಬರೆದಿರುತ್ತಾರೆ. ಫಾರ್ವರ್ಡ್ ಆಗುವಾಗ ಉದುರಿಹೋಗುವುದು ಅದೊಂದೇ ಸಾಲು.

ಭಾವನ ಬಾಲ್ಕನಿಯಲ್ಲಿ ಇನ್ಸುಲಿನ್ ಗಿಡವೂ ಇದೆ. ಇನ್ಸುಲಿನ್ ಇರುವುದು ಹೆಸರಿನಲ್ಲಿ ಮಾತ್ರ. ಎಲೆಯಲ್ಲಿ ಇದ್ದಿದ್ದರೂ ಹೊಟ್ಟೆಯಲ್ಲಿ ಬೇಳೆಯ ಹಾಗೆ ಜೀರ್ಣವಾಗುತ್ತಿತ್ತು, ಅದಕ್ಕೇ ಅಲ್ವಾ ಸೂಜಿ ಚುಚ್ಚುವುದು. ಭಾವನ ಲೆಕ್ಕ ಬೇರೆ, ಒಂದು ಎಲೆಗೆ ಒಂದು ಮೈಸೂರುಪಾಕ್. ಪಕ್ಕದ ಕುಂಡದಲ್ಲಿ ಮಧುನಾಶಿನಿಯೂ ಇತ್ತು. ಅದು ಪ್ರಾಮಾಣಿಕ ಗಿಡ, ಅಗಿದರೆ ಸ್ವಲ್ಪ ಹೊತ್ತು ನಾಲಿಗೆಗೆ ಸಿಹಿಯೇ ಗೊತ್ತಾಗುವುದಿಲ್ಲ. ಮೈಸೂರುಪಾಕ್ ಮರಳು ತಿಂದ ಹಾಗಾಯಿತು ಅಂತ ಭಾವ ಅವತ್ತೇ ಅದನ್ನು ಕಿತ್ತೆಸೆದರು.

ಕಾನೂನು ಇಲ್ವಾ ಅನ್ನಬೇಡಿ, ಬೇಕಾದಷ್ಟಿದೆ. ಮಧುಮೇಹ ವಾಸಿ ಮಾಡುತ್ತೇವೆ ಅಂತ ಜಾಹೀರಾತು ಕೊಡಬಾರದು ಅಂತ 1954ರ ಕಾಯ್ದೆಯೇ ಹೇಳುತ್ತದೆ. ಆಯುರ್ವೇದ ಔಷಧಿಯ ಜಾಹೀರಾತಿಗೆ ಮೊದಲೇ ಒಪ್ಪಿಗೆ ಬೇಕು ಅನ್ನುವ 170ನೇ ನಿಯಮ 2018ರಲ್ಲಿ ಬಂತು. 2024ರ ಜುಲೈನಲ್ಲಿ ಆಯುಷ್ ಸಚಿವಾಲಯವೇ ಅದನ್ನು ತೆಗೆಯಿತು, ಆಗಸ್ಟಿನಲ್ಲಿ ಪತಂಜಲಿ ಕಂಪನಿಯ ಜಾಹೀರಾತಿನ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಹಾಕಿತು, 2025ರ ಆಗಸ್ಟಿನಲ್ಲಿ ಕೇಸೇ ಮುಗಿದು ತಡೆಯೂ ಹೋಯಿತು. ಅದೇ ಕೇಸಿನಲ್ಲಿ ಪತಂಜಲಿಯ ಕ್ಷಮಾಪಣೆ ಪತ್ರಿಕೆಯಲ್ಲಿ ಬಂತಲ್ಲ, ನಿಮ್ಮ ಜಾಹೀರಾತಿನಷ್ಟೇ ದೊಡ್ಡದಾಗಿದೆಯಾ ಇದು ಅಂತ ಕೋರ್ಟು ಕೇಳಬೇಕಾಯಿತು. ಆಹಾ, ಎಂಥ ದೇಶ!

ನಗು ಸಾಕು. ಒಂದು ನೈಲಾನ್ ಎಳೆ ಇರುತ್ತದೆ, 10 ಗ್ರಾಂ ಒತ್ತಡಕ್ಕೆ ಬಾಗುವಂಥದ್ದು. ಅಂಗಾಲಿಗೆ ಒತ್ತಿ, ಗೊತ್ತಾಯ್ತಾ ಅಂತ ಕೇಳಿದರೆ ನರದ ಸ್ಥಿತಿ ತಿಳಿಯುತ್ತದೆ. ಎರಡೇ ನಿಮಿಷದ ಕೆಲಸ. ಶುಗರ್ ಬಂದ ಹನ್ನೆರಡು ವರ್ಷದಲ್ಲಿ ಭಾವನ ಚಪ್ಪಲಿ ಬಿಚ್ಚಿಸಿ ನೋಡಿದ ಡಾಕ್ಟರು ಒಬ್ಬರೂ ಇಲ್ಲ. ಕಾಲು ಜೋಮು ಹಿಡಿಯುತ್ತದೆ ಅಂದಾಗ ನಾವೂ ಸುಮ್ನೆ ಕಷಾಯ ಕುದಿಸಿಕೊಟ್ಟೆವು. ಮಾತ್ರೆ ಯಾವಾಗ ಬಿಟ್ಟರೋ, ಅದನ್ನೂ ಕೇಳಲಿಲ್ಲ. ಹೋದ ತಿಂಗಳು ಮೊಳೆ ಚುಚ್ಚಿಕೊಂಡು ಇಡೀ ದಿನ ಓಡಾಡಿದ್ದಾರೆ, ರಾತ್ರಿ ಸಾಕ್ಸ್ ಒದ್ದೆ ಇದೆ ಅಂತ ಅಕ್ಕ ನೋಡಿದ ಮೇಲೇ ಗೊತ್ತಾಗಿದ್ದು.

ಇವತ್ತು ಆರು ಗಂಟೆಗೆ ಡ್ರೆಸಿಂಗ್ ಇದೆ. ಬರುವಾಗ ಒಂದೆಲಗ ತಗೊಂಡು ಬಾ ಅಂತ ಈಗ ತಾನೇ ಭಾವನ ಮೆಸೇಜು ಬಂತು.