ಸೀಟಿಗೆ ದುಡ್ಡು ಕೊಟ್ಟವರನ್ನು ತಕ್ಕಡಿ ಹತ್ತಿಸಬೇಡಿ

ಮೊನ್ನೆ ಏರ್‌ಪೋರ್ಟಿನಲ್ಲಿ ನೋಡಿದ್ದು ಇನ್ನೂ ತಲೆಯಿಂದ ಹೋಗಿಲ್ಲ. ಅವತ್ತು ಬಾಯಿ ಬಿಡಲಿಲ್ಲ ಅನ್ನೋ ಸಂಕಟ ಬೇರೆ. ಇಲ್ಲಾದರೂ ಹೇಳಿಬಿಡುತ್ತೇನೆ.

ಚೆಕ್-ಇನ್ ಸಾಲಿನಲ್ಲಿ ನನ್ನ ಮುಂದೆ ಒಬ್ಬ ಹೆಂಗಸು ಇದ್ದರು. ಐವತ್ತು ದಾಟಿರಬಹುದು. ದಪ್ಪ ಮೈ. ಕೌಂಟರಿನ ಹುಡುಗಿಯ ಕಡೆ ಬಗ್ಗಿ, ಯಾರಿಗೂ ಕೇಳಿಸಬಾರದು ಅನ್ನೋ ಹಾಗೆ, "ಪಕ್ಕದ ಸೀಟು ಖಾಲಿ ಇರೋ ಕಡೆ ಏನಾದ್ರೂ ಸಿಗುತ್ತಾ?" ಅಂತ ಕೇಳಿದರು. ಅಷ್ಟೇ ಕೇಳಿದ್ದು.

ಪಕ್ಕದ ಕೌಂಟರಿನಲ್ಲಿ ಒಬ್ಬ ಯುವಕ ನಿಂತಿದ್ದ. ಅವನ ಸೂಟ್‌ಕೇಸ್ 3 ಕಿಲೋ ಜಾಸ್ತಿ ಬಂದಿತ್ತು. ಹೆಚ್ಚುವರಿ ದುಡ್ಡು ಕಟ್ಟಿ ಅಂದದ್ದಕ್ಕೆ ಅವನಿಗೆ ಸಿಟ್ಟು. ಆ ಹೆಂಗಸಿನ ಕಡೆ ಕೈ ತೋರಿಸಿ, ಸಾಲಿಗೆಲ್ಲ ಕೇಳುವ ಹಾಗೆ ಹೇಳಿದ: "ನನ್ನ ಬ್ಯಾಗಿಗೆ 3 ಕಿಲೋ ಜಾಸ್ತಿ ಅಂತ ದಂಡ ಹಾಕ್ತೀರಿ. ಇವರು ಮೈಮೇಲೆ 40 ಕಿಲೋ ಜಾಸ್ತಿ ಹೊತ್ಕೊಂಡು ಬಂದಿದ್ದಾರೆ, ಅವರಿಗೇನೂ ಇಲ್ವಾ? ಮನುಷ್ಯರನ್ನೂ ತೂಕ ಹಾಕಿ ಟಿಕೆಟ್ ಕೊಡಬೇಕು."

ಹಿಂದೆ ಇಬ್ಬರು ತಲೆ ಆಡಿಸಿದರು. ಒಬ್ಬರು "ಪಾಯಿಂಟ್ ಇದೆ" ಅಂದರು. ಆ ಹೆಂಗಸು ತಿರುಗಿ ನೋಡಲಿಲ್ಲ. ಬೋರ್ಡಿಂಗ್ ಪಾಸ್ ತೆಗೆದುಕೊಂಡು ಹೊರಟೇ ಹೋದರು. ಸೀಟಿನ ಬಗ್ಗೆ ಮತ್ತೆ ಕೇಳಲೂ ಇಲ್ಲ.

ಆಮೇಲೆ ಆ ಯುವಕ ಏನು ಮಾಡಿದ ಗೊತ್ತಾ? ಪಕ್ಕಕ್ಕೆ ಹೋಗಿ ಸೂಟ್‌ಕೇಸ್ ಬಿಚ್ಚಿದ. ಒಳಗಿದ್ದ ದಪ್ಪ ಜಾಕೆಟ್ ತೆಗೆದು ಮೈಮೇಲೆ ಹಾಕಿಕೊಂಡ. ಶೂ ಒಂದು ಜೊತೆ, ಚಾರ್ಜರ್, ಪುಸ್ತಕ ಎಲ್ಲ ಹೆಗಲ ಚೀಲಕ್ಕೆ ತುಂಬಿದ. ಮತ್ತೆ ತೂಕ ಹಾಕಿಸಿದ. ಸರಿಹೋಯಿತು, ದುಡ್ಡು ಕಟ್ಟುವ ಹಾಗಿರಲಿಲ್ಲ.

ಅದೇ 3 ಕಿಲೋ. ಅದೇ ವಿಮಾನ. ವಿಮಾನದ ಹೊಟ್ಟೆಯಲ್ಲಿ ಹೋಗಬೇಕಿದ್ದದ್ದು ಕ್ಯಾಬಿನ್ನಿನಲ್ಲಿ ಹೋಯಿತು, ಅಷ್ಟೇ. ಭಾರ ಹೆಚ್ಚಾದರೆ ಇಂಧನ ಜಾಸ್ತಿ ಬೇಕು, ಅದಕ್ಕೇ ದಂಡ ಅನ್ನುತ್ತಾರೆ. ಇಂಧನ ಒಂದು ಹನಿಯೂ ಉಳಿಯಲಿಲ್ಲ. ಹಾಗಾದರೆ ಆ ದಂಡ ಇಂಧನಕ್ಕೆ ಅಂತ ಹೇಗೆ ನಂಬೋದು?

ನಾನು ವರ್ಷಗಟ್ಟಲೆ ಸರಕು ಸಾಗಣೆಯ ಬಿಲ್ ಮಾಡಿದವಳು ಅಂತ ನಿಮಗೆ ಗೊತ್ತು. ತೂಕಕ್ಕೆ ದರ ಕಟ್ಟುವುದೇ ನನ್ನ ಕೆಲಸವಾಗಿತ್ತು. ಅದಕ್ಕೇ ಈ ಮಾತು ಕೇಳಿದಾಗೆಲ್ಲ ನನಗೆ ಜಾಸ್ತಿ ಉರಿಯುತ್ತದೆ. "ಸರಕಿಗೆ ತೂಕದ ಮೇಲೆ ದರ, ಮನುಷ್ಯರಿಗೆ ಯಾಕಿಲ್ಲ" ಅನ್ನುವವರಿಗೆ ಸರಕಿನ ಲೆಕ್ಕವೇ ಗೊತ್ತಿಲ್ಲ. ವಿಮಾನದಲ್ಲಿ ಹೋಗುವ ಸರಕಿಗೂ ಬರೀ ತೂಕ ನೋಡುವುದಿಲ್ಲ. ಪೆಟ್ಟಿಗೆಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 6000ದಿಂದ ಭಾಗಿಸುತ್ತೇವೆ. ಅದಕ್ಕೆ ವಾಲ್ಯೂಮ್ ತೂಕ ಅನ್ನುತ್ತೇವೆ. ನಿಜವಾದ ತೂಕ, ವಾಲ್ಯೂಮ್ ತೂಕ, ಇವೆರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಬಿಲ್. ದಿಂಬು ತುಂಬಿದ ಪೆಟ್ಟಿಗೆ ಎತ್ತಿದರೆ ಹಗುರ, ಬಿಲ್ ಮಾತ್ರ ಭಾರ. ಯಾಕಂದರೆ ವಿಮಾನದಲ್ಲಿ ಎಷ್ಟೋ ಸಲ ಮೊದಲು ಮುಗಿಯುವುದು ಜಾಗ.

ಅದೇ ಲೆಕ್ಕವನ್ನು ಸೀಟಿಗೆ ಹಾಕಿ ನೋಡೋಣ. ಸಾಧಾರಣ ಇಕಾನಮಿ ಸೀಟಿನ ಅಗಲ 17 ಇಂಚು, ಅಂದರೆ 43 ಸೆಂಟಿಮೀಟರ್. ಒಂದು ಸಾಲಿನಿಂದ ಇನ್ನೊಂದು ಸಾಲಿಗೆ 31 ಇಂಚು, 79 ಸೆಂಟಿಮೀಟರ್. ಎತ್ತರ ಒಂದೂವರೆ ಮೀಟರ್ ಅಂತ ಇಟ್ಟುಕೊಳ್ಳಿ. ಗುಣಿಸಿ, 6000ದಿಂದ ಭಾಗಿಸಿ. ಹತ್ತಿರ ಹತ್ತಿರ 85 ಕಿಲೋ ಬರುತ್ತದೆ.

ಅಂದರೆ ಸರಕಿನ ಲೆಕ್ಕದಲ್ಲೇ ಹೋದರೂ, ಒಂದು ಸೀಟು ಹಿಡಿದ ಪ್ರತಿಯೊಬ್ಬರ ಬಿಲ್ ಶುರುವಾಗುವುದೇ 85 ಕಿಲೋದಿಂದ. 50 ಕಿಲೋ ಇರುವವರಿಗೆ ಅರ್ಧ ದರ ಸಿಗುವುದಿಲ್ಲ. ಅವರು ಹಿಡಿದ ಜಾಗ ಅಷ್ಟೇ ಇದೆಯಲ್ಲ. "ತೂಕದ ದರ ಬಂದರೆ ನನಗೆ ಕಡಿಮೆ ಆಗುತ್ತೆ" ಅಂತ ಖುಷಿಪಡುವ ಸಣ್ಣ ಮೈಯವರು ಇದನ್ನೊಮ್ಮೆ ಯೋಚಿಸಿ. 85ಕ್ಕಿಂತ ಮೇಲಿದ್ದವರಿಗೆ ಹಾಕಿ ಅನ್ನುತ್ತೀರಾ? ಹಾಗಾದರೆ ಸಾಲಿನಲ್ಲಿ ಮೊದಲು ಸಿಕ್ಕಿಬೀಳುವವರು ಎತ್ತರದ ಗಂಡಸರು, ಕಸರತ್ತು ಮಾಡಿ ಮೈ ಕಟ್ಟಿಸಿಕೊಂಡವರು. ಗಂಡಸರು ಸರಾಸರಿಯಲ್ಲಿ ಹೆಂಗಸರಿಗಿಂತ ಭಾರ. ಗಂಡಸರಾಗಿ ಹುಟ್ಟಿದ್ದಕ್ಕೆ ಟಿಕೆಟ್ ದುಬಾರಿ ಅಂದರೆ ಆ ಯುವಕ ಒಪ್ಪುತ್ತಿದ್ದನಾ? ಮೂರನೇ ಸಾಲಿನಲ್ಲಿದ್ದ ತುಂಬು ಗರ್ಭಿಣಿಯನ್ನೂ ಮೆಷಿನ್ ಹತ್ತಿಸುತ್ತಿದ್ದನಾ?

ಇಂಧನದ ಮಾತಿಗೇ ಬರುತ್ತೇನೆ, ಎಲ್ಲರೂ ಹಿಡಿದುಕೊಳ್ಳುವುದು ಅದನ್ನೇ. ಬೋಯಿಂಗ್ 737-800 ವಿಮಾನ ತುಂಬಿ ಮೇಲೇಳುವಾಗ ಅದರ ಗರಿಷ್ಠ ತೂಕ ಸುಮಾರು 79,000 ಕಿಲೋ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ವಿಮಾನದ್ದೇ ತೂಕ. ಇಂಧನ 20,000 ಕಿಲೋ ತನಕ ಹಿಡಿಯುತ್ತದೆ. ಒಬ್ಬರ ಮೈಮೇಲಿನ 20 ಕಿಲೋ ಅಂದರೆ ಒಟ್ಟು ತೂಕದಲ್ಲಿ ನಾಲ್ಕು ಸಾವಿರಕ್ಕೆ ಒಂದು ಪಾಲು. ಹೆಚ್ಚುವರಿ ಭಾರ ಹೊರಲು ಗಂಟೆಗೆ ಆ ಭಾರದ ಶೇಕಡಾ 3ರಿಂದ 4ರಷ್ಟು ಇಂಧನ ಬೇಕು ಅನ್ನುವುದು ಈ ಕ್ಷೇತ್ರದವರು ಬಳಸುವ ಅಂದಾಜು. ಎರಡು ಗಂಟೆಯ ಹಾರಾಟಕ್ಕೆ 30 ಕಿಲೋ ಜಾಸ್ತಿ ಇದ್ದರೆ ಹೆಚ್ಚು ಖರ್ಚಾಗುವುದು ಎರಡು ಕಿಲೋ ಇಂಧನ, ಲೀಟರಿನಲ್ಲಿ ಎರಡೂವರೆ. ಆ ಎರಡೂವರೆ ಲೀಟರಿಗೋಸ್ಕರ ಒಬ್ಬ ಮನುಷ್ಯರನ್ನು ಸಾಲಿನೆದುರು ಮೆಷಿನ್ ಮೇಲೆ ನಿಲ್ಲಿಸಬೇಕಾ?

ಎಲ್ಲ ಸೇರಿಸಿದರೆ ದೊಡ್ಡ ಮೊತ್ತವೇ, ಒಪ್ಪುತ್ತೇನೆ. ಯುನೈಟೆಡ್ ಏರ್‌ಲೈನ್ಸ್ ತನ್ನ ವಿಮಾನದೊಳಗಿನ ಪತ್ರಿಕೆಯ ಕಾಗದ ತೆಳುವು ಮಾಡಿತು. ಪ್ರತಿಗೆ 28 ಗ್ರಾಂ ಕಡಿಮೆಯಾಯಿತು. ವರ್ಷಕ್ಕೆ ಸುಮಾರು 1,70,000 ಗ್ಯಾಲನ್, ಅಂದರೆ ಆರು ಲಕ್ಷ ಲೀಟರಿಗೂ ಹೆಚ್ಚು ಇಂಧನ ಉಳಿಯುತ್ತದೆ ಅಂತ ಕಂಪನಿಯೇ ಹೇಳಿತು. ಒಳ್ಳೆಯ ಕೆಲಸ. ಕಾಗದ ತೆಳುವು ಮಾಡಿ, ಸೀಟಿನ ಚೌಕಟ್ಟು ಹಗುರ ಮಾಡಿ, ಊಟದ ಗಾಡಿ ಹಗುರ ಮಾಡಿ. ಅವಕ್ಕೆ ಯಾವ ನೋವೂ ಆಗುವುದಿಲ್ಲ.

ಮತ್ತೆ, ಉಳಿದ ದುಡ್ಡು ನಮ್ಮ ಕೈಗೆ ಬರುತ್ತದೆ ಅನ್ನುವ ನಂಬಿಕೆ ಯಾಕೆ? 2008ರಲ್ಲಿ ಇಂಧನದ ಬೆಲೆ ಏರಿದಾಗ ಅಮೆರಿಕದ ದೊಡ್ಡ ಕಂಪನಿಗಳು ಮೊದಲ ಬ್ಯಾಗಿಗೂ ಶುಲ್ಕ ಹಾಕಲು ಶುರು ಮಾಡಿದವು. ಅದೇ ವರ್ಷದ ಕೊನೆಗೆ ಇಂಧನದ ಬೆಲೆ ಬಿತ್ತು. ಬ್ಯಾಗಿನ ಶುಲ್ಕ ಹೋಗಲಿಲ್ಲ. ತೂಕದ ದರವೂ ಹಾಗೇ ಆಗುತ್ತದೆ. ದಪ್ಪಗಿದ್ದವರಿಗೆ ಏರುತ್ತದೆ, ಸಣ್ಣಗಿದ್ದವರಿಗೆ ಇಳಿಯುವುದಿಲ್ಲ.

"ಸಮೋವಾದಲ್ಲಿ ಮಾಡಿದ್ದಾರಲ್ಲ" ಅಂತ ಒಬ್ಬ ಗೆಳೆಯರು ನಿನ್ನೆ ಫೋನಿನಲ್ಲಿ ವಾದ ಮಾಡಿದರು. ಹೌದು. 2013ರಲ್ಲಿ ಪೆಸಿಫಿಕ್ ಸಾಗರದ ಆ ದ್ವೀಪ ದೇಶದ ಸಮೋವಾ ಏರ್ ಅನ್ನುವ ಕಂಪನಿ ಕಿಲೋ ಲೆಕ್ಕದಲ್ಲಿ ಟಿಕೆಟ್ ಮಾರಿತು. ಪ್ರಯಾಣಿಕರ ತೂಕ, ಸಾಮಾನಿನ ತೂಕ ಎರಡೂ ಸೇರಿಸಿ ದರ. ಅದೇ ವರ್ಷ ನಾರ್ವೆಯಲ್ಲಿ ಭರತ್ ಭಟ್ಟ ಅನ್ನುವ ಪ್ರಾಧ್ಯಾಪಕರು ಇಂಥ ದರ ಹೇಗೆ ಕಟ್ಟಬಹುದು ಅಂತ ಪ್ರಬಂಧವನ್ನೂ ಬರೆದರು. ಆದರೆ ಸಮೋವಾದ ಆ ಕಂಪನಿ ಹಾರಿಸುತ್ತಿದ್ದದ್ದು ಹತ್ತು ಪ್ರಯಾಣಿಕರೂ ಹಿಡಿಯದ ಪುಟ್ಟ ವಿಮಾನಗಳನ್ನು. ಅಂಥ ವಿಮಾನದಲ್ಲಿ ಯಾರು ಎಲ್ಲಿ ಕೂರುತ್ತಾರೆ ಅನ್ನುವುದರ ಮೇಲೆ ಜೀವ ನಿಂತಿರುತ್ತದೆ. ಅಲ್ಲಿ ತೂಕ ನೋಡಲೇಬೇಕು, ಅದಕ್ಕೆ ನನ್ನ ತಕರಾರಿಲ್ಲ. ಅದೇ ಕಂಪನಿ ದೊಡ್ಡ ಮೈಯವರಿಗಾಗಿ ಅಗಲದ ಸಾಲೊಂದನ್ನೂ ಮಾಡಿತು. ಉದಾಹರಣೆ ಕೊಡುವವರು ಇದನ್ನು ಮಾತ್ರ ಬಿಟ್ಟುಬಿಡುತ್ತಾರೆ.

ಸುರಕ್ಷತೆಗಾಗಿ ತೂಕ ನೋಡುವುದು ಬೇರೆ, ಮೈ ನೋಡಿ ದರ ಹಾಕುವುದು ಬೇರೆ. ಮೊದಲನೆಯದು ಬೇಡ ಅಂತ ನಾನು ಹೇಳುವುದೇ ಇಲ್ಲ. 2003ರ ಜನವರಿ 8ರಂದು ಅಮೆರಿಕದ ಶಾರ್ಲೆಟ್‌ನಲ್ಲಿ ಬೀಚ್‌ಕ್ರಾಫ್ಟ್ 1900ಡಿ ಅನ್ನುವ ಸಣ್ಣ ವಿಮಾನ ಮೇಲೆದ್ದ ಕೂಡಲೇ ಬಿದ್ದು 21 ಜನ ಸತ್ತರು. ಬಾಲದ ಕೇಬಲ್ ಸರಿಯಾಗಿ ಕಟ್ಟಿರಲಿಲ್ಲ. ಜೊತೆಗೆ ಹಿಂಭಾಗದ ಭಾರ ಮಿತಿ ಮೀರಿತ್ತು. ಲೆಕ್ಕಕ್ಕೆ ಹಿಡಿದಿದ್ದ ಸರಾಸರಿ ತೂಕ ನಿಜಕ್ಕಿಂತ ಕಡಿಮೆ ಇತ್ತು. ಅದಾದ ಮೇಲೆ ಅಲ್ಲಿನ ವಿಮಾನಯಾನ ಇಲಾಖೆ ಆ ಸರಾಸರಿಯನ್ನು ಹೆಚ್ಚಿಸಿತು. 2020ರಲ್ಲಿ ಬ್ರಿಟನ್ನಿನಿಂದ ಹೊರಟ ಒಂದು 737ರಲ್ಲಿ ಸಾಫ್ಟ್‌ವೇರ್ ತಪ್ಪಾಗಿ, ಹೆಸರಿನ ಮುಂದೆ 'ಮಿಸ್' (ಕುಮಾರಿ) ಅಂತ ಬರೆದಿದ್ದ ವಯಸ್ಕ ಹೆಂಗಸರನ್ನೆಲ್ಲ ಮಕ್ಕಳು ಅಂತ ಎಣಿಸಿತು. ಒಬ್ಬೊಬ್ಬರಿಗೆ 69 ಕಿಲೋ ಹಿಡಿಯುವ ಕಡೆ 35 ಹಿಡಿಯಿತು. ವಿಮಾನ ಕಾಗದದಲ್ಲಿದ್ದದ್ದಕ್ಕಿಂತ 1,200 ಕಿಲೋಗೂ ಹೆಚ್ಚು ಭಾರದಲ್ಲಿ ಮೇಲೇರಿತು. ಪುಣ್ಯಕ್ಕೆ ಏನೂ ಆಗಲಿಲ್ಲ.

ಅದಕ್ಕೇ ಏರ್ ನ್ಯೂಜಿಲೆಂಡ್ 2023ರಲ್ಲಿ, ಫಿನ್‌ಏರ್ 2024ರಲ್ಲಿ ಪ್ರಯಾಣಿಕರ ತೂಕ ತೆಗೆದುಕೊಂಡವು. ಅವು ಹೇಗೆ ಮಾಡಿದವು ನೋಡಿ. ಇಷ್ಟ ಇದ್ದವರು ಮಾತ್ರ ನಿಂತರು. ಹೆಸರು ಬರೆದುಕೊಳ್ಳಲಿಲ್ಲ. ನ್ಯೂಜಿಲೆಂಡಿನಲ್ಲಂತೂ ಅಂಕಿ ಎದುರಿಗೆ ಇದ್ದವರಿಗೂ ಕಾಣದ ಹಾಗೆ ಮಾಡಿದ್ದರು. ಲೆಕ್ಕ ಬೇಕಿದ್ದವರಿಗೆ ಲೆಕ್ಕ ಸಿಕ್ಕಿತು, ಯಾರ ಮುಖವೂ ಬಾಡಲಿಲ್ಲ.

ಇನ್ನೊಂದು ಮಾತು ಬರುತ್ತದೆ. ಪಕ್ಕದಲ್ಲಿ ಕೂತವರ ಕಷ್ಟ. ಇದು ಸುಳ್ಳಲ್ಲ. ನಾನೂ ಅನುಭವಿಸಿದ್ದೇನೆ. ಇಲ್ಲಿ ಒಂದು ವಿಷಯ ಹೇಳಲೇಬೇಕು. ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ.

ಒಂಬತ್ತು ವರ್ಷದ ಹಿಂದೆ ಆರು ಗಂಟೆಯ ಹಾರಾಟದಲ್ಲಿ ನಾನು ಮಧ್ಯದ ಸೀಟಿನಲ್ಲಿದ್ದೆ. ಪಕ್ಕದವರು ದೊಡ್ಡ ಮೈಯವರು. ಕೈ ಇಡಲು ಜಾಗ ಇರಲಿಲ್ಲ. ಮನೆಗೆ ಬಂದವಳೇ ಚಪ್ಪಲಿ ಬಿಡುವ ಮೊದಲೇ, "ಇಂಥವರಿಗೆ ಎರಡು ಟಿಕೆಟ್ ಹಾಕಬೇಕು, ಆಗ ಬುದ್ಧಿ ಬರುತ್ತೆ" ಅಂದೆ. ಅಕ್ಕ ಅಲ್ಲೇ ಕೂತಿದ್ದಳು. ನಿಮ್ಮಲ್ಲಿ ತುಂಬಾ ಜನಕ್ಕೆ ಅಕ್ಕ ಗೊತ್ತು. ಕಾಯಿಲೆಗೆ ಸ್ಟೀರಾಯ್ಡ್ ಮಾತ್ರೆ ಶುರುವಾದ ಮೇಲೆ ಎರಡು ವರ್ಷದಲ್ಲಿ ಅವಳು 24 ಕಿಲೋ ಏರಿದ್ದಳು. ಊಟ ಅರ್ಧಕ್ಕೆ ಇಳಿಸಿದರೂ ಏರಿದಳು. ಅವಳೆದುರೇ ನಾನು ಆ ಮಾತು ಆಡಿದ್ದು. ಅವಳು ಏನೂ ಅನ್ನಲಿಲ್ಲ. ಎದ್ದು ಒಳಗೆ ಹೋದಳು.

ಆಮೇಲಿಂದ ಅಕ್ಕ ವಿಮಾನ ಹತ್ತಲಿಲ್ಲ. ಎರಡು ಗಂಟೆಯಲ್ಲಿ ನನ್ನ ಹತ್ತಿರ ಬರಬಹುದಾದವಳು ಒಂದು ಹಗಲು ಒಂದು ರಾತ್ರಿ ರೈಲಿನಲ್ಲಿ ಬರುತ್ತಾಳೆ. ನಾನು ಅದನ್ನು ಹೆದರಿಕೆ ಅಂದುಕೊಂಡಿದ್ದೆ. ಹೋದ ವರ್ಷ ಒತ್ತಾಯ ಮಾಡಿದಾಗ ಹೇಳಿದಳು: "ನನ್ನ ಪಕ್ಕ ಕೂತೋರೂ ಮನೆಗೆ ಹೋಗಿ ಹಂಗೇ ಅಂತಾರಲ್ವಾ?"

ಅವತ್ತಿನಿಂದ ಈ ವಿಷಯ ನನಗೆ ಬರೀ ಲೆಕ್ಕದ ವಿಷಯವಾಗಿ ಉಳಿದಿಲ್ಲ.

ಆ ಆರು ಗಂಟೆ ನನಗೆ ಕಷ್ಟವಾದದ್ದು ನಿಜ. ಆದರೆ ನನ್ನ ಸಿಟ್ಟು ತಪ್ಪು ಕಡೆ ಹೋಗಿತ್ತು. ಆ ಸೀಟು ಅಷ್ಟು ಇಕ್ಕಟ್ಟು ಮಾಡಿದ್ದು ಪಕ್ಕದವರಾ? ಒಂದು ಕಾಲದಲ್ಲಿ ಸಾಲಿನಿಂದ ಸಾಲಿಗೆ 35 ಇಂಚು ಇತ್ತು. ಈಗ 31. ಕೆಲವು ಕಡೆ 28. ಅದೇ ವಿಮಾನದಲ್ಲಿ ಇನ್ನಷ್ಟು ಸಾಲು ಸೇರಿಸಿದವರು ಯಾರು? ಅಮೆರಿಕದ ಸಂಸತ್ತು 2018ರಲ್ಲಿ, ಸೀಟಿಗೆ ಕನಿಷ್ಠ ಅಳತೆ ನಿಗದಿ ಮಾಡಿ ಅಂತ ಕಾನೂನಿನಲ್ಲೇ ಬರೆಯಿತು. ಅಲ್ಲಿಯವರೆಗೆ ಬಂದಿದೆ ಈ ಮಾತು. ಜಾಗ ಕಿತ್ತುಕೊಂಡವರು ಒಬ್ಬರು, ಅದಕ್ಕೆ ಮೊಣಕೈ ತಾಗಿಸಿಕೊಂಡು ಒಬ್ಬರನ್ನೊಬ್ಬರು ದ್ವೇಷಿಸುವವರು ನಾವು. ಸಾಲಿನಲ್ಲಿ ನಿಂತ ಆ ಯುವಕನಿಗೂ ದಂಡ ಹಾಕಿದ್ದು ಕಂಪನಿ. ಅವನು ಬೈದದ್ದು ಆ ಹೆಂಗಸನ್ನು.

ದಾರಿ ಇಲ್ಲವೇ ಇಲ್ಲ ಅಂತಲ್ಲ. ಕೆನಡಾ ತೋರಿಸಿದೆ. 2008ರ ಜನವರಿಯಲ್ಲಿ ಅಲ್ಲಿನ ಸಾರಿಗೆ ನಿಯಂತ್ರಣ ಸಂಸ್ಥೆ, ಅಂಗವೈಕಲ್ಯದ ಕಾರಣಕ್ಕೆ ಇನ್ನೊಂದು ಸೀಟು ಬೇಕಾದವರಿಂದ ದೇಶದೊಳಗಿನ ಹಾರಾಟದಲ್ಲಿ ಎರಡನೇ ಟಿಕೆಟಿನ ದುಡ್ಡು ತೆಗೆದುಕೊಳ್ಳಬಾರದು ಅಂತ ಆದೇಶ ಮಾಡಿತು. ಒಬ್ಬರಿಗೆ ಒಂದೇ ದರ. ಬೊಜ್ಜಿನಿಂದ ಅಂಥ ತೊಂದರೆ ಇದ್ದವರೂ ಅದರಲ್ಲಿ ಬಂದರು. ಕಂಪನಿಗಳು ಸುಪ್ರೀಂ ಕೋರ್ಟಿಗೆ ಹೋದವು. ಕೋರ್ಟು ಅವರ ಅರ್ಜಿ ಕೈಗೆತ್ತಿಕೊಳ್ಳಲೇ ಇಲ್ಲ. ಕೆನಡಾದ ವಿಮಾನಗಳು ಇವತ್ತಿಗೂ ಹಾರುತ್ತಿವೆ, ಆ ಆದೇಶದಿಂದ ಕಂಪನಿಗಳು ದಿವಾಳಿಯಾಗಲಿಲ್ಲ. ಪಕ್ಕದವರಿಗೂ ಕಷ್ಟ ಇಲ್ಲ, ದೊಡ್ಡ ಮೈಯವರಿಗೂ ಅವಮಾನ ಇಲ್ಲ. ಎಲ್ಲ ಕಡೆ ಇದನ್ನೇ ಯಾಕೆ ಕೇಳಬಾರದು? ಪ್ರತಿ ವಿಮಾನದಲ್ಲಿ ಎರಡು ಸಾಲು ಅಗಲ ಸೀಟು ಇಡಿ, ಅದೇ ದರಕ್ಕೆ ಕೊಡಿ, ಬುಕಿಂಗ್ ಮಾಡುವಾಗಲೇ ಯಾರಿಗೂ ಕಾರಣ ಹೇಳದೆ ಆರಿಸಿಕೊಳ್ಳುವ ಹಾಗಿರಲಿ ಅಂತ ಕೇಳೋಣ. ಆ ಹೆಂಗಸು ಕೌಂಟರಿನಲ್ಲಿ ಬಗ್ಗಿ ಪಿಸುಗುಟ್ಟುವ ಹಾಗೆ ಮಾಡಬಾರದಿತ್ತು.

ಅವತ್ತು ನಾನು ಅವರ ಹಿಂದೆಯೇ ನಿಂತಿದ್ದೆ. 85 ಕಿಲೋ ಲೆಕ್ಕ ನನಗೆ ಗೊತ್ತಿತ್ತು. ಎರಡೂವರೆ ಲೀಟರಿನ ಲೆಕ್ಕವೂ ಗೊತ್ತಿತ್ತು. ಬಾಯಿಗೆ ಬರಲಿಲ್ಲ. ವಿಮಾನದೊಳಗೆ ಅವರನ್ನು ಮತ್ತೆ ನೋಡಿದೆ. ಮಧ್ಯದ ಸೀಟು ಸಿಕ್ಕಿತ್ತು. ಎರಡೂ ಕೈ ಎದೆಗೆ ಅವುಚಿಕೊಂಡು, ಭುಜ ಕುಗ್ಗಿಸಿಕೊಂಡು, ಇಳಿಯುವ ತನಕ ಹಾಗೇ ಕೂತಿದ್ದರು. ನೀರು ಕೂಡ ಕುಡಿಯಲಿಲ್ಲ.

ಮುಂದಿನ ತಿಂಗಳಿಗೆ ಅಕ್ಕನಿಗೂ ನನಗೂ ಟಿಕೆಟ್ ಮಾಡಿಸಿದ್ದೇನೆ. ಅವಳು ಇನ್ನೂ ಪೂರ್ತಿ ಒಪ್ಪಿಲ್ಲ. ಕಿಟಕಿ ಪಕ್ಕದ್ದು ಅವಳಿಗೆ, ಮಧ್ಯದ್ದು ನನಗೆ. ಬೆಲ್ಟ್ ಸಾಲದಿದ್ದರೆ ಎಕ್ಸ್‌ಟೆಂಡರ್ ಕೊಡಿ ಅಂತ ನಾನೇ ಕೇಳುತ್ತೇನೆ, ಎಲ್ಲರಿಗೂ ಕೇಳುವ ಹಾಗೆ.