ಆಪ್ಟ್‌ಗೆ ಅರ್ಜಿ, ಸ್ನ್ಯಾಪ್ ಮಂಜೂರು

ಲಿನಕ್ಸ್ ಲೋಕದಲ್ಲಿ ಸ್ವಾತಂತ್ರ್ಯಕ್ಕೆ ಬರವಿಲ್ಲ; ಅದರಲ್ಲೂ ಬಳಕೆದಾರನ ಬ್ರೌಸರ್ ಯಾವುದೆಂದು ತೀರ್ಮಾನಿಸುವ ಸ್ವಾತಂತ್ರ್ಯವು, ಬಳಕೆದಾರನೊಬ್ಬನನ್ನು ಬಿಟ್ಟು, ಮಿಕ್ಕೆಲ್ಲರಿಗೂ ಧಾರಾಳವಾಗಿದೆ.

ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ಒಂದು ರೂಪವಾದ ಉಬುಂಟು 22.04ರಲ್ಲಿ, ಆದೇಶಗಳನ್ನು ಬರೆಯುವ ಟರ್ಮಿನಲ್‌ನಲ್ಲಿ ‘ಸುಡೊ ಆಪ್ಟ್ ಇನ್‌ಸ್ಟಾಲ್ ಫೈರ್‌ಫಾಕ್ಸ್’ ಎಂದು ಬರೆದು ನೋಡಿ. ತಂತ್ರಾಂಶಗಳನ್ನು ತಂದು ಕೂರಿಸುವ ಸೇವಕನಾದ ಆಪ್ಟ್ ಬಹಳ ವಿಧೇಯವಾಗಿ ಒಂದು ಪ್ಯಾಕೇಜನ್ನು ಇಳಿಸಿಕೊಳ್ಳುತ್ತದೆ. ಅದರೊಳಗೆ ಬ್ರೌಸರ್ ಇರುವುದಿಲ್ಲ. ಸ್ನ್ಯಾಪ್ ಎಂಬ ಬೇರೊಂದು ಪ್ಯಾಕೇಜ್ ಪದ್ಧತಿಯ ಅಂಗಡಿಯಾದ ಸ್ನ್ಯಾಪ್ ಸ್ಟೋರ್‌ನಿಂದ ಫೈರ್‌ಫಾಕ್ಸ್ ತರಿಸಿಕೊಳ್ಳತಕ್ಕದ್ದು ಎಂಬ ಆದೇಶವಷ್ಟೇ ಇರುತ್ತದೆ. ಮುಕ್ತ ತಂತ್ರಾಂಶದ ಈ ಮನೆಯಲ್ಲಿ ಸ್ನ್ಯಾಪ್ ಸ್ಟೋರ್‌ನ ಸರ್ವರ್ ತಂತ್ರಾಂಶ ಮಾತ್ರ ಮುಕ್ತವಲ್ಲ ಎಂಬುದನ್ನು ನೆನಪಿಸುವುದು ಸಭ್ಯತೆಯಾಗಲಾರದು.

ಈ ಪೊಳ್ಳು ಪ್ಯಾಕೇಜಿನ ಆವೃತ್ತಿ ಸಂಖ್ಯೆಯೇ ಒಂದು ಕಲಾಕೃತಿ. ಅದು ‘1:1ಸ್ನ್ಯಾಪ್1’ ಎಂದು ಆರಂಭವಾಗುತ್ತದೆ. ಕೋಲನ್‌ಗೆ ಮೊದಲು ಕುಳಿತಿರುವ ಆ ಒಂದಂಕಿಯ ದೆಸೆಯಿಂದ, ಉಬುಂಟುವಿಗೆ ಮೂಲವಾದ ಡೆಬಿಯನ್‌ನ ಲೆಕ್ಕಾಚಾರದ ಪ್ರಕಾರ, ನಿನ್ನೆಯಷ್ಟೇ ಬಿಡುಗಡೆಯಾದ ಅಸಲಿ ಫೈರ್‌ಫಾಕ್ಸ್ ಕೂಡ ಈ ಖಾಲಿ ಪೊಟ್ಟಣಕ್ಕಿಂತ ಹಳೆಯದೆನಿಸಿಕೊಳ್ಳುತ್ತದೆ. ಸ್ನ್ಯಾಪ್‌ಗೆ ಬದಲಾದದ್ದು ಫೈರ್‌ಫಾಕ್ಸ್ ತಯಾರಿಸುವ ಮೊಜಿಲ್ಲಾದ ಸಹಕಾರದಿಂದಲೇ ಎಂದು ಉಬುಂಟು ಹೊರತರುವ ಕೆನಾನಿಕಲ್ ಕಂಪನಿ ಹೇಳಿತ್ತು. ಅದೇ ಮೊಜಿಲ್ಲಾ 2024ರಲ್ಲಿ ಆಪ್ಟ್ ನೇರವಾಗಿ ಬಳಸುವ ಡೆಬ್ ಪ್ಯಾಕೇಜುಗಳ ತನ್ನದೇ ಭಂಡಾರವನ್ನು ತೆರೆಯಿತು. ಹಾಗೆಂದು ಆ ಭಂಡಾರವನ್ನು ಸೇರಿಸಿಕೊಂಡು ನಿಶ್ಚಿಂತೆಯಿಂದಿರುವಂತಿಲ್ಲ. ಆಪ್ಟ್‌ನ ಪ್ರಿಫರೆನ್ಸಸ್ ಕಡತದಲ್ಲಿ ಆ ಭಂಡಾರಕ್ಕೆ ಆದ್ಯತೆಯ ಅಂಕವಾಗಿ ‘ಪಿನ್-ಪ್ರಯಾರಿಟಿ: 1000’ ಎಂದು ನಮೂದಿಸದಿದ್ದರೆ ಮುಂದಿನ ಅಪ್‌ಗ್ರೇಡ್‌ನಲ್ಲಿ ಸ್ನ್ಯಾಪ್ ಮರಳಿ ಬಂದು ತನ್ನ ಜಾಗದಲ್ಲಿ ಕೂರುತ್ತದೆ. ತನ್ನದೇ ಗಣಕದಲ್ಲಿ ತನ್ನ ಇಚ್ಛೆ ನಡೆಯಬೇಕಾದರೆ ಬಳಕೆದಾರ ಅದಕ್ಕೆ ಸಾವಿರ ಅಂಕಗಳ ಶಿಫಾರಸು ಪತ್ರ ಬರೆದುಕೊಡಬೇಕು!

ಉಬುಂಟುವಿನ ಬುನಾದಿಯ ಮೇಲೆಯೇ ನಿಂತಿರುವ ಲಿನಕ್ಸ್ ಮಿಂಟ್ ಈ ಪದ್ಧತಿಯನ್ನು ಫೈರ್‌ಫಾಕ್ಸ್‌ನ ಸರದಿ ಬರುವ ಮೊದಲೇ ಸಹಿಸಿರಲಿಲ್ಲ. 2020ರಲ್ಲಿ ಅದು ತನ್ನ ಕಡತದಲ್ಲಿ ಸ್ನ್ಯಾಪ್‌ಗೆ ಮೈನಸ್ ಹತ್ತು ಅಂಕ ಕೊಟ್ಟು ಬಾಗಿಲು ಮುಚ್ಚಿತು. ಬಳಕೆದಾರನನ್ನು ಒತ್ತಾಯದಿಂದ ಪಾರುಮಾಡಲು ಅವನನ್ನು ಕೇಳದೆಯೇ ಮುಚ್ಚಿತು. ಎರಡು ವರ್ಷಗಳ ಬಳಿಕ ಮೊಜಿಲ್ಲಾದೊಂದಿಗೆ ಒಪ್ಪಂದಕ್ಕೆ ಸಹಿ ಹಾಕಿ, ಫೈರ್‌ಫಾಕ್ಸ್‌ನ ಆರಂಭಿಕ ಪುಟವನ್ನೂ ಹುಡುಕುಯಂತ್ರದ ಪೂರ್ವನಿಗದಿ ಆಯ್ಕೆಯನ್ನೂ ಮೊಜಿಲ್ಲಾದ ಇಚ್ಛೆಗೆ ಬಿಟ್ಟುಕೊಟ್ಟಿತು. ಡೆಬಿಯನ್‌ನ ಹಿರಿಯರು ಇನ್ನೂ ಮುಂದೆ ಹೋಗಿದ್ದವರು: 2006ರಲ್ಲಿ ಲಾಂಛನ ಮತ್ತು ಟ್ರೇಡ್‌ಮಾರ್ಕ್‌ನ ತಕರಾರಿನಿಂದ ಅದೇ ಬ್ರೌಸರಿಗೆ ‘ಐಸ್‌ವೀಸಲ್’ ಎಂದು ನಾಮಕರಣ ಮಾಡಿ, 2016ರವರೆಗೂ ಆ ವೇಷದಲ್ಲಿಯೇ ಓಡಾಡಿಸಿದರು.

ಇಷ್ಟೆಲ್ಲ ಮಹಾನುಭಾವರು ಬಡಿದಾಡಿ ಕೂರಿಸಿದ ಆ ಬ್ರೌಸರನ್ನು ಹೊಸ ಬಳಕೆದಾರ ಭಕ್ತಿಯಿಂದ ತೆರೆಯುತ್ತಾನೆ ಮತ್ತು ಕ್ರೋಮ್ ಇಳಿಸಿಕೊಳ್ಳುತ್ತಾನೆ. ಅದು ಅಪ್ಪಟ ಡೆಬ್ ಕಡತ. ಪೊಳ್ಳಿಲ್ಲ, ಶಿಫಾರಸು ಪತ್ರದ ಗೊಡವೆಯಿಲ್ಲ. ಅನುಸ್ಥಾಪನೆಯ ವೇಳೆ ಅದು ಗೂಗಲ್‌ನ ಭಂಡಾರವನ್ನು ಆಪ್ಟ್‌ನ ಪಟ್ಟಿಗೆ ತಾನಾಗಿಯೇ ಸೇರಿಸಿಕೊಂಡು, ಬಳಿಕ ತೆರೆದಾಗ ತನ್ನನ್ನೇ ಡೀಫಾಲ್ಟ್ ಬ್ರೌಸರ್ ಮಾಡಿಕೊಳ್ಳುವಿರಾ ಎಂದು ವಿನಯದಿಂದ ವಿಚಾರಿಸುತ್ತದೆ. ಇಡೀ ಪ್ರಕರಣದಲ್ಲಿ ಬಳಕೆದಾರನ ಅಭಿಪ್ರಾಯ ಕೇಳಿದ್ದು ಅದೊಂದೇ.